ಮೊದಲು ಕೋಶ, ಆಮೇಲೆ ಆಶ್ವಿಟ್ಜ್

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಪ್ರವಾಸಿ ಬಸ್ಸುಗಳು ಬೆಳಿಗ್ಗೆ ಬೇಗನೆ ಹೊರಡುತ್ತವೆ. ಅಲ್ಲಿ ಸುಲಭವಾಗಿ ಸಿಗುವ ಒಂದು ದಿನದ ಪ್ಯಾಕೇಜ್ ಹೀಗಿರುತ್ತದೆ: ಬೆಳಿಗ್ಗೆ ನಾಜಿಗಳ ಸೆರೆಶಿಬಿರವಿದ್ದ ಆಶ್ವಿಟ್ಜ್, ಮಧ್ಯಾಹ್ನ ವಿಯೆಲಿಚ್ಕದ ಉಪ್ಪಿನ ಗಣಿ, ಸಂಜೆಗೆ ವಾಪಸ್. ಒಂದೂವರೆ ಗಂಟೆಯ ಹಾದಿ ಸವೆಸಿ ಇಳಿದವರು ತಪಾಸಣೆ ಮುಗಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗೈಡ್ ಹಿಂದೆ ನಡೆಯುತ್ತಾರೆ. ಕಬ್ಬಿಣದ ಗೇಟಿನ ಮುಂದೆ ಗುಂಪು ತಾನಾಗಿಯೇ ನಿಲ್ಲುತ್ತದೆ. 'ದುಡಿಮೆಯಿಂದ ಬಿಡುಗಡೆ' ಎಂದು ಅರ್ಥ ಕೊಡುವ ಜರ್ಮನ್ ಅಕ್ಷರಗಳ ಕಡೆಗೆ ಹತ್ತಾರು ಫೋನುಗಳು ಏಳುತ್ತವೆ. ಆ ಚಿತ್ರಗಳಲ್ಲಿ ಸೆರೆಯಾಗುವುದು ನಕಲು ಫಲಕ. ಅಸಲಿಯನ್ನು 2009ರ ಡಿಸೆಂಬರಿನಲ್ಲಿ ಕಳ್ಳರು ಕದ್ದು ತುಂಡು ಮಾಡಿದ್ದರು. ಕೆಲವೇ ದಿನಗಳಲ್ಲಿ ಪತ್ತೆಯಾದ ಅದನ್ನು ಈಗ ಒಳಗೆ ಭದ್ರವಾಗಿ ಇಡಲಾಗಿದೆ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಆಶ್ವಿಟ್ಜ್‌ನಲ್ಲಿ ಕೊಲೆಯಾದವರಲ್ಲಿ ಬಹುಪಾಲು ಜನ ಈ ಗೇಟನ್ನು ನೋಡಿರಲೇ ಇಲ್ಲ.

'ದೇಶ ಸುತ್ತು, ಇಲ್ಲವೇ ಕೋಶ ಓದು' ಎನ್ನುತ್ತದೆ ನಮ್ಮ ಗಾದೆ. ಎರಡರಲ್ಲಿ ಒಂದಾದರೂ ಸಾಕು ಎಂಬ ಉದಾರತೆ ಅದರಲ್ಲಿದೆ. ಹಂಪಿಗೋ ಬೇಲೂರಿಗೋ ಏನೂ ಓದದೆ ಹೋದವರಿಗೂ ಕಲ್ಲು ಒಂದಷ್ಟು ಹೇಳಿ ಕಳಿಸುತ್ತದೆ, ಏಕೆಂದರೆ ಕಟ್ಟಿದವರಿಗೆ ಅದು ನೋಡುವವರ ಕಣ್ಣಿಗೆ ಬೀಳಲಿ ಎಂಬ ಆಸೆಯಿತ್ತು. ಆಶ್ವಿಟ್ಜ್ ಕಟ್ಟಿದವರ ಆಸೆ ಇದಕ್ಕೆ ತದ್ವಿರುದ್ಧ. ಅಲ್ಲಿ ನಡೆದದ್ದು ಯಾರಿಗೂ ಕಾಣಬಾರದು, ಆಮೇಲೆ ಗುರುತೂ ಉಳಿಯಬಾರದು ಎಂದೇ ಅವರು ದುಡಿದರು. ಬಹಳಷ್ಟು ಮಟ್ಟಿಗೆ ಗೆದ್ದರು ಕೂಡ. ಆದ್ದರಿಂದ ಇಲ್ಲಿ ಬರಿಗಣ್ಣು ಸಾಲದು. ಅಷ್ಟೇ ಅಲ್ಲ, ಬರಿಗಣ್ಣು ದಾರಿಯನ್ನೂ ತಪ್ಪಿಸುತ್ತದೆ. ಹೋಗುವ ಮೊದಲಿನ ಓದು ಈ ಪ್ರವಾಸದ ಪೂರ್ವಸಿದ್ಧತೆಯಲ್ಲ, ಪ್ರವಾಸದ ಅರ್ಧಭಾಗವೇ ಅದು ಎಂಬುದು ಈ ಲೇಖನದ ವಾದ.

ಒಂದು ಹೆಸರು, ಮೂರು ಜಾಗ

ಆಶ್ವಿಟ್ಜ್ ಎನ್ನುವುದು ಓಶ್ವಿಯೆಂಚಿಮ್ ಎಂಬ ಪೋಲಿಷ್ ಊರಿಗೆ ಜರ್ಮನ್ನರು ಬಳಸಿದ ಹೆಸರು. 1939ರ ಸೆಪ್ಟೆಂಬರ್ 1ರಂದು ಪೋಲೆಂಡ್ ಮೇಲೆ ಬಿದ್ದ ಜರ್ಮನಿ ಮರುವರ್ಷ ಆ ಊರಿನ ಹಳೆಯ ಸೇನಾ ವಸತಿಗಳನ್ನು ಸೆರೆಶಿಬಿರವಾಗಿ ಬದಲಿಸಿತು. 1940ರ ಜೂನ್ 14ರಂದು ಅಲ್ಲಿಗೆ ಬಂದ ಮೊದಲ ತಂಡದ 728 ಕೈದಿಗಳು ಪೋಲೆಂಡಿನ ರಾಜಕೀಯ ಬಂದಿಗಳು. ಇಟ್ಟಿಗೆ ಕಟ್ಟಡಗಳ, ಪ್ರಸಿದ್ಧ ಗೇಟಿನ ಈ ಜಾಗವೇ ಆಶ್ವಿಟ್ಜ್ ಒಂದು. 1941ರಲ್ಲಿ ಇಲ್ಲಿಂದ ಮೂರು ಕಿಲೋಮೀಟರ್ ದೂರದ ಬ್ಜೆಜಿಂಕ ಎಂಬ ಹಳ್ಳಿಯನ್ನು ಖಾಲಿ ಮಾಡಿಸಿ ಎರಡನೆಯ ಶಿಬಿರದ ಕೆಲಸ ಶುರುವಾಯಿತು. ಅದೇ ಬಿರ್ಕೆನೌ. 1942ರಲ್ಲಿ ಮೂರನೆಯದು ಮೊನೊವಿಟ್ಜ್‌ನಲ್ಲಿ ಎದ್ದಿತು, ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಯ ಕೃತಕ ರಬ್ಬರ್ ಕಾರ್ಖಾನೆಗೆ ಕೈದಿಗಳನ್ನು ದುಡಿಸಲೆಂದೇ ಕಟ್ಟಿದ ಶಿಬಿರ ಅದು. ಇವಲ್ಲದೆ ಗಣಿ, ಕಾರ್ಖಾನೆ, ಹೊಲಗಳ ಪಕ್ಕ ನಲವತ್ತಕ್ಕೂ ಹೆಚ್ಚು ಉಪಶಿಬಿರಗಳಿದ್ದವು.

ಈ ಮೂರರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಪ್ರವಾಸವೇ ತಲೆಕೆಳಗಾಗುತ್ತದೆ. ವಸ್ತುಪ್ರದರ್ಶನ, ಗಾಜಿನ ಪೆಟ್ಟಿಗೆಗಳು, ಗೇಟು ಎಲ್ಲವೂ ಮೊದಲ ಜಾಗದಲ್ಲಿವೆ. ಹಾಗಾಗಿ ಸಮಯವಿಲ್ಲದವರು ಅಷ್ಟನ್ನೇ ನೋಡಿ ಮರಳುತ್ತಾರೆ, ಅಥವಾ ಬಿರ್ಕೆನೌಗೆ ಹೋಗಿ ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಹಿಂದಿರುಗುತ್ತಾರೆ. ಕೊಲೆಯ ಕೇಂದ್ರ ಇದ್ದದ್ದು ಬಿರ್ಕೆನೌನಲ್ಲಿ. 1943ರ ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ದೊಡ್ಡ ದಹನಾಗಾರಗಳು ಗ್ಯಾಸ್ ಚೇಂಬರ್ ಸಮೇತ ಅಲ್ಲಿ ಒಂದೊಂದಾಗಿ ಕೆಲಸ ಶುರುಮಾಡಿದವು. ಕುಲುಮೆಗಳನ್ನು ಒದಗಿಸಿದ್ದು ಎರ್ಫುರ್ಟ್ ನಗರದ ಟಾಪ್ಫ್ ಎಂಬ ಕಂಪನಿ. ಕೊಲ್ಲಲು ಬಳಸಿದ ಜಿಕ್ಲಾನ್ ಬಿ ಮೂಲತಃ ಕ್ರಿಮಿಕೀಟ ಕೊಲ್ಲುವ ಔಷಧ.

ಕಣ್ಣು ಮಾಡುವ ಮೋಸ

ಸಂಖ್ಯೆಗಳನ್ನು ಒಮ್ಮೆ ನಿಧಾನವಾಗಿ ಕೂಡಿಸಿ ಕಳೆದು ನೋಡಬೇಕು. ಸುಮಾರು ಐದು ವರ್ಷಗಳಲ್ಲಿ ಆಶ್ವಿಟ್ಜ್‌ಗೆ ತರಲಾದವರು ಕನಿಷ್ಠ 13 ಲಕ್ಷ. ಅವರಲ್ಲಿ ಸುಮಾರು 11 ಲಕ್ಷ ಮಂದಿ ಯಹೂದಿಗಳು. ಉಳಿದವರು ಪೋಲಿಷ್ ಜನ, ರೋಮಾ ಸಮುದಾಯದವರು, ಸೋವಿಯತ್ ಯುದ್ಧಕೈದಿಗಳು ಮತ್ತು ಇತರರು. ಕೊಲೆಯಾದವರು ಸುಮಾರು 11 ಲಕ್ಷ, ಅವರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳು. ಆದರೆ ಕೈದಿಗಳೆಂದು ನೋಂದಣಿಯಾಗಿ, ಸಂಖ್ಯೆ ಪಡೆದು, ಶಿಬಿರದ ಒಳಗೆ ಬದುಕಿದವರು ಸುಮಾರು 4 ಲಕ್ಷ ಮಾತ್ರ. ಉಳಿದ 9 ಲಕ್ಷದಷ್ಟು ಜನ ಏನಾದರು? ರೈಲಿನಿಂದ ಇಳಿದರು, ಶಿಬಿರ ನಡೆಸುತ್ತಿದ್ದ ಎಸ್‌.ಎಸ್. ಎಂಬ ನಾಜಿ ಪಡೆಯ ಒಬ್ಬ ವೈದ್ಯನ ಕೈಸನ್ನೆಯಂತೆ ಒಂದು ಬದಿಗೆ ಸರಿದರು, ಕೆಲವೇ ಗಂಟೆಗಳಲ್ಲಿ ಇಲ್ಲವಾದರು. ಅವರು ಪಟ್ಟೆ ಬಟ್ಟೆ ತೊಡಲಿಲ್ಲ, ಕೈಮೇಲೆ ಹಚ್ಚೆ ಹಾಕಿಸಿಕೊಳ್ಳಲಿಲ್ಲ, ಮರದ ಅಟ್ಟಣಿಗೆಯ ಮೇಲೆ ಒಂದು ರಾತ್ರಿಯೂ ಮಲಗಲಿಲ್ಲ.

ಪ್ರವಾಸಿಯ ಕಣ್ಣಿಗೆ ಬೀಳುವುದು ಅಟ್ಟಣಿಗೆ, ಪಟ್ಟೆ ಬಟ್ಟೆ, ಗೋಡೆಗೆ ತೂಗುಹಾಕಿದ ಕೈದಿಗಳ ಫೋಟೊಗಳು. ಅಂದರೆ ಅವನು ನೋಡುತ್ತಿರುವುದು ಅಲ್ಪಸಂಖ್ಯೆಯವರ ಕಥೆಯನ್ನು. ಅದೂ ಘೋರವೇ, ಆ 4 ಲಕ್ಷ ಜನರಲ್ಲೂ ಅರ್ಧದಷ್ಟು ಮಂದಿ ಹಸಿವು, ರೋಗ, ಹೊಡೆತ, ಗುಂಡು, ಅನಿಲಗಳಿಗೆ ಬಲಿಯಾದರು. ಆದರೂ ಈ ಜಾಗದ ಮುಖ್ಯ ಕೆಲಸ ಯಾವುದಾಗಿತ್ತೋ ಅದು ವಸತಿಯ ಸಾಲುಗಳಲ್ಲಿ ಕಾಣುವುದಿಲ್ಲ. ಬಿರ್ಕೆನೌನಲ್ಲಿ ದೃಷ್ಟಿ ಹರಿಯುವವರೆಗೆ ನಿಂತ ಇಟ್ಟಿಗೆಯ ಹೊಗೆಗೂಡುಗಳೂ ಹೀಗೆಯೇ ಕಣ್ಣಿಗೆ ಮೋಸ ಮಾಡುತ್ತವೆ. ಗೊತ್ತಿಲ್ಲದವರಿಗೆ ಅವು ಹೆಣ ಸುಟ್ಟ ಜಾಗಗಳಂತೆ ಕಾಣಬಹುದು. ನಿಜದಲ್ಲಿ ಅವು ಮರದ ವಸತಿಗಳಲ್ಲಿದ್ದ ಒಲೆಗಳ ಹೊಗೆಗೂಡುಗಳು. ಮರ ಹೋಗಿದೆ, ಇಟ್ಟಿಗೆ ಉಳಿದಿದೆ. ಗ್ಯಾಸ್ ಚೇಂಬರ್‌ಗಳಿದ್ದ ಕಟ್ಟಡಗಳು ಈಗ ಕುಸಿದು ಬಿದ್ದ ಕಾಂಕ್ರೀಟಿನ ರಾಶಿ. ಒಂದನ್ನು 1944ರ ಅಕ್ಟೋಬರ್ 7ರಂದು ದಂಗೆಯೆದ್ದ ಕೈದಿಗಳೇ ಸುಟ್ಟರು. ಹೆಣ ಸುಡಲು ಬಲವಂತವಾಗಿ ನೇಮಿಸಲ್ಪಟ್ಟಿದ್ದ ಯಹೂದಿಗಳು ಅವರು. ಮದ್ದುಗುಂಡು ಕಾರ್ಖಾನೆಯಿಂದ ಅವರಿಗೆ ಸಿಡಿಮದ್ದು ಕದ್ದು ಸಾಗಿಸಿದ ರೋಸಾ ರೊಬೊಟಾ ಮತ್ತು ಮೂವರು ಜೊತೆಗಾತಿಯರನ್ನು ಮರುವರ್ಷದ ಜನವರಿಯಲ್ಲಿ ಗಲ್ಲಿಗೇರಿಸಲಾಯಿತು. ಉಳಿದ ಕಟ್ಟಡಗಳನ್ನು ಸಾಕ್ಷ್ಯ ಅಳಿಸಲು ಎಸ್‌.ಎಸ್. ಪಡೆಯೇ ಸ್ಫೋಟಿಸಿತು.

ಓದು ಕಣ್ಣನ್ನು ಹೇಗೆ ತಿದ್ದುತ್ತದೆ ಎನ್ನಲು ಒಂದೇ ಉದಾಹರಣೆ ಸಾಕು. 1944ರ ಮೇ ಮಧ್ಯದಿಂದ ಜುಲೈ ಆರಂಭದವರೆಗಿನ ಎಂಟೇ ವಾರಗಳಲ್ಲಿ ಹಂಗರಿಯಿಂದ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಇಲ್ಲಿಗೆ ತರಲಾಯಿತು. ಆ ದಿನಗಳಲ್ಲಿ ಎಸ್‌.ಎಸ್. ಫೋಟೊಗ್ರಾಫರ್ ತೆಗೆದ ಸುಮಾರು 200 ಚಿತ್ರಗಳ ಆಲ್ಬಮ್ ಯುದ್ಧ ಮುಗಿಯುವ ಹೊತ್ತಿಗೆ ಇನ್ನೊಂದು ಶಿಬಿರದಲ್ಲಿ ಲಿಲಿ ಜೇಕಬ್ ಎಂಬ ಬಂದಿಯ ಕೈಗೆ ಸಿಕ್ಕಿತು. ಅದರಲ್ಲಿ ಅವಳ ಪುಟ್ಟ ತಮ್ಮಂದಿರೂ ಇದ್ದರು. ಬಿರ್ಕೆನೌ ಹೆಸರಿಗೆ ಕಾರಣವಾದ ಬರ್ಚ್ ಮರಗಳ ತೋಪಿನಲ್ಲಿ ತಾಯಂದಿರು, ಅಜ್ಜಿಯರು, ಮಕ್ಕಳು ನೆಲದ ಮೇಲೆ ಕುಳಿತಿರುವ ಚಿತ್ರಗಳೂ ಅಲ್ಲಿವೆ. ಯಾರಿಗೋ ಕಾಯುವಂತೆ ಕುಳಿತಿದ್ದಾರೆ. ಪಕ್ಕದ ಗ್ಯಾಸ್ ಚೇಂಬರ್ ಖಾಲಿಯಾಗುವವರೆಗೆ ಅವರನ್ನು ಅಲ್ಲಿ ಕೂರಿಸಲಾಗಿತ್ತು. ಆ ತೋಪು ಈಗಲೂ ಇದೆ. ಆ ಚಿತ್ರಗಳನ್ನು ನೋಡದೆ ಹೋದವರಿಗೆ ಅದು ಬಿಸಿಲಿಗೆ ಹಿತವಾದ ನೆರಳು.

ಆಶ್ವಿಟ್ಜ್‌ಗಿಂತ ಮೊದಲು

ಇನ್ನೊಂದು ಅರೆಬರೆ ತಿಳಿವಳಿಕೆಯೂ ಇದೆ: ಯಹೂದಿಗಳ ನರಮೇಧ ಎಂದರೆ ಆಶ್ವಿಟ್ಜ್, ಆಶ್ವಿಟ್ಜ್ ಎಂದರೆ ಹಿಟ್ಲರನ ಹುಚ್ಚು ಎಂಬ ಸಮೀಕರಣ. ಯುರೋಪಿನಲ್ಲಿ ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ. ಅವರಲ್ಲಿ ಆರರಲ್ಲಿ ಐದು ಪಾಲು ಜನ ಸತ್ತದ್ದು ಆಶ್ವಿಟ್ಜ್‌ನಲ್ಲಲ್ಲ, ಬೇರೆಡೆ. 1941ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ನಡೆದಾಗ ಸೇನೆಯ ಬೆನ್ನಿಗೇ ಹೊರಟ ಕೊಲೆಪಡೆಗಳು ಊರೂರಿನ ಹಳ್ಳಕೊಳ್ಳಗಳ ಅಂಚಿನಲ್ಲಿ ಜನರನ್ನು ನಿಲ್ಲಿಸಿ ಗುಂಡಿಕ್ಕಿದವು. ಕೀವ್ ಹೊರವಲಯದ ಬಾಬಿ ಯಾರ್ ಕಣಿವೆಯಲ್ಲಿ ಆ ಸೆಪ್ಟೆಂಬರಿನ ಎರಡು ದಿನಗಳಲ್ಲಿ ಸತ್ತವರ ಲೆಕ್ಕವನ್ನು ಕೊಂದವರೇ ಬರೆದಿಟ್ಟಿದ್ದಾರೆ: 33,771. ಬೆಲ್ಜೆಕ್, ಸೊಬಿಬೊರ್, ಟ್ರೆಬ್ಲಿಂಕಾ ಎಂಬ ಶಿಬಿರಗಳಲ್ಲಿ ಕೊಲ್ಲುವುದೊಂದೇ ಕೆಲಸವಾಗಿದ್ದರಿಂದ ಹೆಚ್ಚಿನ ವಸತಿಗಳ ಅಗತ್ಯವೇ ಇರಲಿಲ್ಲ. ಟ್ರೆಬ್ಲಿಂಕಾ ಒಂದರಲ್ಲೇ 8 ಲಕ್ಷದಷ್ಟು ಜನ ಸತ್ತರು. ಕೆಲಸ ಮುಗಿದ ಮೇಲೆ ಕಟ್ಟಡ ಕೆಡವಿ, ನೆಲ ಉತ್ತು, ತೋಟದ ಮನೆಯ ಸೋಗು ಹಾಕಲಾಯಿತು. ಆಶ್ವಿಟ್ಜ್ ಎಲ್ಲರಿಗೂ ಗೊತ್ತಿರುವುದಕ್ಕೆ ಅಲ್ಲಿ ಕಟ್ಟಡಗಳು ಉಳಿದದ್ದು, ದುಡಿಸಲೆಂದು ಉಳಿಸಿಕೊಂಡವರಲ್ಲಿ ಹತ್ತಾರು ಸಾವಿರ ಮಂದಿ ಬದುಕಿ ಉಳಿದು, ಅವರಲ್ಲಿ ಕೆಲವರು ಬರೆದದ್ದು ಮುಖ್ಯ ಕಾರಣ.

ಹುಚ್ಚು ಎಂಬ ವಿವರಣೆಯೂ ಹೆಚ್ಚು ದೂರ ಹೋಗುವುದಿಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಗ್ಯಾಸ್ ಚೇಂಬರ್ ಯಾರ ಯೋಜನೆಯಲ್ಲೂ ಇರಲಿಲ್ಲ. ಮೊದಲು ಬಂದದ್ದು ಯಹೂದಿಗಳ ಅಂಗಡಿ ಬಹಿಷ್ಕಾರ, ನೌಕರಿಯಿಂದ ವಜಾ. 1935ರಲ್ಲಿ ಪೌರತ್ವವನ್ನೇ ಕಿತ್ತುಕೊಂಡ ನ್ಯೂರೆಂಬರ್ಗ್ ಕಾಯ್ದೆಗಳು. 1938ರ ನವೆಂಬರಿನಲ್ಲಿ ಅವರ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಜೇ ಬಂಗಲೆಯಲ್ಲಿ ಹದಿನೈದು ಹಿರಿಯ ಅಧಿಕಾರಿಗಳು ಸೇರಿ ಆಗಲೇ ಶುರುವಾಗಿದ್ದ ಹತ್ಯಾಕಾಂಡಕ್ಕೆ ಇಲಾಖೆಗಳ ನಡುವೆ ಹೊಂದಾಣಿಕೆ ಮಾಡಿಕೊಂಡರು; ಅವರಲ್ಲಿ ಹಲವರು ಡಾಕ್ಟರೇಟ್ ಪಡೆದವರು. ಜರ್ಮನ್ ರೈಲ್ವೆ ಈ ಸಾಗಣೆಗೆ ಮೂರನೇ ದರ್ಜೆಯ ಟಿಕೆಟ್ ದರ ವಿಧಿಸುತ್ತಿತ್ತು. ದೊಡ್ಡ ಗುಂಪಿಗೆ ರಿಯಾಯಿತಿ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಉಚಿತ. ಟಿಕೆಟ್ ಲೆಕ್ಕ ಹಾಕಿದ ಗುಮಾಸ್ತ ಹುಚ್ಚನಾಗಿರಲಿಲ್ಲ. ಹಳಿಗಳ ಪಕ್ಕ ನಿಂತಾಗ ಈ ಗುಮಾಸ್ತ ನೆನಪಿಗೆ ಬರಬೇಕಾದರೆ ಅವನ ವಿಷಯ ಮೊದಲೇ ಗೊತ್ತಿರಬೇಕು. ಹಳಿ ಅವನ ಬಗ್ಗೆ ಏನೂ ಹೇಳುವುದಿಲ್ಲ.

ಪ್ರಮಾಣಿಸಿ ನೋಡು

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಮಾತಿಗೆ ಇಲ್ಲಿ ವಿಶೇಷ ಬೆಲೆಯಿದೆ. ಮೊದಲ ಶಿಬಿರದಲ್ಲಿ ಪ್ರವಾಸಿಗಳು ಒಳಹೊಕ್ಕು ನೋಡುವ ಗ್ಯಾಸ್ ಚೇಂಬರನ್ನು 1944ರಲ್ಲಿ ಜರ್ಮನ್ನರೇ ಬಾಂಬ್ ದಾಳಿಯ ಆಶ್ರಯತಾಣವಾಗಿ ಬದಲಿಸಿದ್ದರು. ಯುದ್ಧದ ನಂತರ ಅದನ್ನು ಹಳೆಯ ರೂಪಕ್ಕೆ ಹತ್ತಿರವಾಗಿ ಮರುರೂಪಿಸಲಾಯಿತು; ಹೊಗೆಗೂಡನ್ನು ಮತ್ತೆ ಕಟ್ಟಲಾಯಿತು. ಸತ್ತವರ ಸಂಖ್ಯೆಯ ಕಥೆಯೂ ಇದೆ. 1945ರ ಸೋವಿಯತ್ ಆಯೋಗ ಹೇಳಿದ್ದು 40 ಲಕ್ಷ. ಬಿರ್ಕೆನೌ ಸ್ಮಾರಕದ ಫಲಕಗಳಲ್ಲಿ 1990ರವರೆಗೂ ಅದೇ ಅಂಕಿ ಇತ್ತು. ಈ ಜಾಗವನ್ನು ನೋಡಿಕೊಳ್ಳುವ ಸ್ಮಾರಕ ಸಂಸ್ಥೆಯ ಇತಿಹಾಸಕಾರ ಫ್ರಾನ್ಚಿಶೆಕ್ ಪೀಪರ್ ಸಾಗಣೆಯ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿ 11 ಲಕ್ಷಕ್ಕೆ ಇಳಿಸಿದರು.

ಇಂಥವನ್ನೆಲ್ಲ ಸಾಮಾನ್ಯ ಓದುಗರಿಗೆ ಹೇಳಬೇಕೇ, ನರಮೇಧ ನಡೆದೇ ಇಲ್ಲ ಎನ್ನುವವರಿಗೆ ಇದರಿಂದ ಬಲ ಬರುವುದಿಲ್ಲವೇ ಎಂದು ಕೇಳಬಹುದು. ಆಗುವುದು ತದ್ವಿರುದ್ಧ. ಈ ಎರಡು ಸಂಗತಿಗಳನ್ನು ಮೊದಲ ಬಾರಿಗೆ ಅಂತರ್ಜಾಲದ ಯಾವುದೋ ವಿಡಿಯೊದಲ್ಲಿ, ಯಾರೋ ಬಚ್ಚಿಟ್ಟ ಗುಟ್ಟು ಎಂಬ ಧಾಟಿಯಲ್ಲಿ ಕೇಳಿದವನು ತಬ್ಬಿಬ್ಬಾಗುತ್ತಾನೆ. ಸರಿಯಾದ ಪುಸ್ತಕದಲ್ಲಿ ಓದಿದವನು ಆಗುವುದಿಲ್ಲ. 60 ಲಕ್ಷ ಎಂಬ ಒಟ್ಟು ಲೆಕ್ಕ ಸೋವಿಯತ್ ಆಯೋಗದ ಅಂಕಿಯ ಮೇಲೆ ಎಂದೂ ನಿಂತಿರಲಿಲ್ಲ. ದೇಶದೇಶಗಳ ಜನಗಣತಿ, ಸಾಗಣೆ ಪಟ್ಟಿಗಳ ಮೇಲೆ ನಿಂತಿತ್ತು. ಇತಿಹಾಸಕಾರ ರೌಲ್ ಹಿಲ್ಬರ್ಗ್ 1961ರಲ್ಲೇ ಆಶ್ವಿಟ್ಜ್‌ನಲ್ಲಿ ಸತ್ತ ಯಹೂದಿಗಳನ್ನು 10 ಲಕ್ಷ ಎಂದು ಅಂದಾಜಿಸಿದ್ದರು. 2000ದಲ್ಲಿ ಲಂಡನ್ ಹೈಕೋರ್ಟು ನರಮೇಧವನ್ನು ಅಲ್ಲಗಳೆದ ಬರಹಗಾರ ಡೇವಿಡ್ ಅರ್ವಿಂಗ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಕಟ್ಟಡದ ನಕ್ಷೆ, ದಾಖಲೆ, ಸಾಕ್ಷಿಗಳನ್ನೆಲ್ಲ ಜರಡಿ ಹಿಡಿದು, ಅವನು ಸಾಕ್ಷ್ಯ ತಿರುಚಿದ್ದಾನೆಂದು ತೀರ್ಪಿತ್ತಿತು. ತಪ್ಪು ಕಂಡರೆ ತಿದ್ದಿಕೊಳ್ಳುವ ಇತಿಹಾಸವೇ ನಂಬಲರ್ಹ ಇತಿಹಾಸ.

ಖಾಲಿ ಮನಸ್ಸಿನಿಂದ ಹೋದರೇನು?

ಪಾಠ ಉರುಹೊಡೆದು ಹೋದರೆ ಭಾವನೆ ಸಾಯುತ್ತದೆ, ಬರಿದಾದ ಮನಸ್ಸಿನಿಂದ ಹೋದರೇ ಜಾಗ ತಟ್ಟುವುದು ಎನ್ನುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ; ಅಂಕಿಅಂಶಗಳ ಭಾರಕ್ಕೆ ಮನಸ್ಸು ಜಡವಾಗುವುದುಂಟು. ಆದರೆ ಖಾಲಿ ಮನಸ್ಸು ಎಂಬುದೊಂದು ಭ್ರಮೆ. ಅಲ್ಲಿಗೆ ಹೋಗುವವರ ತಲೆಯಲ್ಲಿ ಸಿನಿಮಾದ ದೃಶ್ಯಗಳು ಆಗಲೇ ತುಂಬಿರುತ್ತವೆ. ಪಟ್ಟೆ ಪೈಜಾಮದ ಹುಡುಗನ ಜನಪ್ರಿಯ ಕಾದಂಬರಿ ಓದಿದವರಿಗೆ ಮಕ್ಕಳು ಬೇಲಿಯ ಬಳಿ ಕುಳಿತು ಹರಟಬಹುದಿತ್ತು ಎನಿಸುತ್ತದೆ. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಮೊದಲ ದಿನವೇ ಸತ್ತರು. ಈ ಇತಿಹಾಸ ಕಲಿಯುವವರು ಆ ಪುಸ್ತಕದಿಂದ ದೂರವಿರಬೇಕೆಂದು ಸ್ಮಾರಕವೇ 2020ರಲ್ಲಿ ಹೇಳಿತು. ಹೀಗಾಗಿ ಆಯ್ಕೆ ಇರುವುದು ತಿಳಿವಳಿಕೆ ಮತ್ತು ಶುದ್ಧ ಭಾವನೆಯ ನಡುವೆ ಅಲ್ಲ, ಸರಿಯಾದ ತಿಳಿವಳಿಕೆ ಮತ್ತು ತಪ್ಪು ತಿಳಿವಳಿಕೆಯ ನಡುವೆ.

ಹಾಗಿದ್ದರೆ ಓದಿದರೆ ಸಾಲದೇ, ಹೋಗುವುದಾದರೂ ಏಕೆ, ಸಾವಿನ ಜಾಗ ಪ್ರವಾಸಿತಾಣವಾಗುವುದೇ ಅಸಹ್ಯವಲ್ಲವೇ ಎಂಬ ಪ್ರಶ್ನೆ ಎದುರಿನಿಂದ ಬರುತ್ತದೆ. 2019ರಲ್ಲಿ ಅಲ್ಲಿಗೆ 23 ಲಕ್ಷಕ್ಕೂ ಹೆಚ್ಚು ಜನ ಬಂದರು. ಅದೇ ವರ್ಷ, ಹಳಿಗಳ ಮೇಲೆ ಕೈಚಾಚಿ ನಡೆಯುತ್ತ ಫೋಟೊ ತೆಗೆಸಿಕೊಳ್ಳಬೇಡಿ ಎಂದು ಸ್ಮಾರಕ ಬೇಡಿಕೊಳ್ಳಬೇಕಾಯಿತು. ಆದರೆ 1947ರಲ್ಲಿ ಪೋಲೆಂಡಿನ ಸಂಸತ್ತು ಈ ಜಾಗವನ್ನು ಉಳಿಸುವ ಕಾಯ್ದೆ ಮಾಡಿದಾಗ ಅದಕ್ಕೆ ಹಂಬಲಿಸಿದ್ದವರು, ಮೊದಲು ಕಾವಲು ಕಾದವರು ಬದುಕುಳಿದ ಕೈದಿಗಳೇ. ಓದು ಕೊಡಲಾಗದ ಒಂದನ್ನು ಜಾಗ ಕೊಡುತ್ತದೆ, ಅದು ಅಳತೆ. 170 ಹೆಕ್ಟೇರು ಎಂದು ಓದುವುದು ಬೇರೆ, ಬಿರ್ಕೆನೌನ ಗೇಟಿನಿಂದ ಕೊನೆಯ ಅವಶೇಷದವರೆಗೆ ನಡೆಯುವುದು ಬೇರೆ. ಸುಮಾರು 3,800 ಸೂಟ್‌ಕೇಸ್‌ಗಳು, ಸುಮಾರು ಎರಡು ಟನ್ ಕೂದಲು ಎಂಬ ಮಾತು ಕಣ್ಣೆದುರು ನಿಂತಾಗಲೇ ಅರ್ಥವಾಗುವುದು. ಆದರೆ ಆ ಅಳತೆ ಯಾವುದರದ್ದು ಎಂಬುದನ್ನು ಹೇಳಬೇಕಾದ್ದು ಪುಸ್ತಕ.

ನಮಗೇಕೆ ಆ ಊರಿನ ಗೊಡವೆ?

ನಮ್ಮಲ್ಲಿ ಕಟ್ಟುನಿಟ್ಟಿನ ಮೇಷ್ಟ್ರಿಗೆ, ಜೋರು ಸ್ವಭಾವದ ಮಾವನಿಗೆ 'ಹಿಟ್ಲರ್' ಎಂದು ಹೆಸರಿಡುವುದು ಮಾಮೂಲು. ಕನ್ನಡದ ಟಿ.ವಿ. ಧಾರಾವಾಹಿಯೊಂದರ ಶೀರ್ಷಿಕೆಯಲ್ಲೂ ಆ ಹೆಸರು ಬಂದುಹೋಗಿದೆ. ಇದರಲ್ಲಿ ದ್ವೇಷವಿಲ್ಲ, ಗೊತ್ತಿಲ್ಲದಿರುವಿಕೆ ಇದೆ. ಸ್ವಸ್ತಿಕ ನಮಗೆ ಹೊಸ್ತಿಲ ರಂಗೋಲಿಯ ಮಂಗಳ ಚಿಹ್ನೆ. ಅದನ್ನು ಹೋಲುವ ನಾಜಿ ಗುರುತು ಆ ನೆಲದವರ ನೆನಪಿನಲ್ಲಿ ಬೇರೆಯೇ ಆಗಿದೆ ಎಂಬ ಅರಿವು ಸೂಟ್‌ಕೇಸಿಗೆ ಪೂಜೆ ಮಾಡಿ ಗುರುತು ಬರೆದು ಹೊರಡುವ ಪ್ರವಾಸಿಗೆ ಇರಬೇಕು.

ಇನ್ನೂ ಹತ್ತಿರದ ನಂಟೊಂದಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರ ಸಂತತಿ ಯುರೋಪಿನ ರೋಮಾ ಜನ. ಅವರ ನುಡಿಯಲ್ಲಿ ನೀರಿಗೆ ಇಂದಿಗೂ 'ಪಾನಿ', ಮನುಷ್ಯನಿಗೆ 'ಮನುಷ್'. ಆಶ್ವಿಟ್ಜ್‌ಗೆ ತರಲಾದ ಸುಮಾರು 23,000 ರೋಮಾ ಜನರಲ್ಲಿ 21,000ದಷ್ಟು ಮಂದಿ ಸತ್ತರು. 1944ರ ಆಗಸ್ಟ್ 2ರ ರಾತ್ರಿ ಅವರ ಕುಟುಂಬ ಶಿಬಿರದಲ್ಲಿ ಉಳಿದಿದ್ದ ಸಾವಿರಾರು ಮಂದಿಯನ್ನು, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರನ್ನು, ಗ್ಯಾಸ್ ಚೇಂಬರ್‌ಗೆ ತಳ್ಳಲಾಯಿತು. ಮೊದಲ ಶಿಬಿರದ 13ನೇ ಬ್ಲಾಕ್‌ನಲ್ಲಿ ಅವರ ಪ್ರದರ್ಶನವಿದೆ. ಅವಸರದ ಗುಂಪುಗಳು ಅದನ್ನು ಹೊಗದೆ ದಾಟಿಹೋಗುತ್ತವೆ.

ಏನು ಓದಬೇಕು, ಹೇಗೆ ಹೋಗಬೇಕು

ಆನ್ ಫ್ರಾಂಕ್ ದಿನಚರಿ ಹಲವರಿಗೆ ಗೊತ್ತು. ಆದರೆ ಅದು ಶಿಬಿರದ ಕಥೆಯಲ್ಲ. 1944ರ ಆಗಸ್ಟ್ 1ಕ್ಕೆ ಬರಹ ನಿಲ್ಲುತ್ತದೆ, 4ರಂದು ಬಂಧನ. ಅವಳನ್ನು ಆಶ್ವಿಟ್ಜ್‌ಗೆ ಸಾಗಿಸಿದ್ದು ಆಮೇಲೆ. ಅಲ್ಲಿಂದ ಮುಂದಿನದಕ್ಕೆ ಇಟಲಿಯ ರಸಾಯನಶಾಸ್ತ್ರಜ್ಞ ಪ್ರಿಮೊ ಲೆವಿ ಮೊನೊವಿಟ್ಜ್ ಬಗ್ಗೆ ಬರೆದ ಮೊದಲ ಪುಸ್ತಕ, ಹದಿನೈದರ ಹರೆಯದಲ್ಲಿ ಬಂದಿಯಾದ ಎಲೀ ವೀಸೆಲ್ ಬರೆದ ಕಿರುಪುಸ್ತಕ ಇವೆ. ಎರಡೂ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತವೆ. ಇವೆರಡೂ ಬದುಕಿ ಬಂದವರ ದನಿಗಳು ಎಂಬ ಎಚ್ಚರವಿರಲಿ. ಬಹುಪಾಲು ಜನರಿಗೆ ಬರೆಯುವ ಅವಕಾಶವೇ ಇರಲಿಲ್ಲ. ಲಿಲಿ ಜೇಕಬ್ ಆಲ್ಬಮ್ಮಿನ ಚಿತ್ರಗಳನ್ನು ಜೆರುಸಲೇಮಿನ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನ ಜಾಲತಾಣದಲ್ಲಿ ನೋಡಬಹುದು.

ಹೋಗುವ ಕ್ರಮ ಸರಳ. ಪ್ರವೇಶ ಉಚಿತವಾದರೂ ಗುರುತಿನ ಚೀಟಿಯಲ್ಲಿರುವ ಹೆಸರಿನಲ್ಲೇ ಮುಂಚಿತವಾಗಿ ಪಾಸ್ ಕಾಯ್ದಿರಿಸಬೇಕು. ಗೈಡ್ ಬೇಕಾದರೆ ಶುಲ್ಕವಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆತರುವುದು ಬೇಡ ಎಂಬುದು ಸ್ಮಾರಕದ ಸಲಹೆ. ದೊಡ್ಡ ಚೀಲಕ್ಕೆ ಪ್ರವೇಶವಿಲ್ಲ. ಕೂದಲಿನ ಕೋಣೆಯಲ್ಲಿ ಮತ್ತು 11ನೇ ಬ್ಲಾಕ್‌ನ ನೆಲಮಾಳಿಗೆಯಲ್ಲಿ ಫೋಟೊ ನಿಷಿದ್ಧ. ಎರಡು ಶಿಬಿರಗಳ ನಡುವೆ ಬಸ್ಸಿದೆ. ಬಿರ್ಕೆನೌ ಬಯಲು; ಮಳೆ, ಚಳಿ, ಬಿಸಿಲಿಗೆ ಮರೆಯಿಲ್ಲ.

ಎರಡೂ ಕಡೆ ನೋಡಲು ಕನಿಷ್ಠ ಮೂರೂವರೆ ಗಂಟೆ ಬೇಕು ಎನ್ನುತ್ತದೆ ಸ್ಮಾರಕ. ಓದಿಕೊಂಡು ಹೋದವರಿಗೆ ಅದು ಸಾಲುವುದಿಲ್ಲ. ಓದಲು ಪುರಸೊತ್ತಿಲ್ಲದಿದ್ದರೆ ಹೋಗುವುದನ್ನು ಮುಂದೂಡಿ. ಆ ಜಾಗ ಎಲ್ಲಿಗೂ ಹೋಗುವುದಿಲ್ಲ. ಹೋಗುವುದಾದರೆ ಇಡೀ ದಿನವನ್ನು ಅದಕ್ಕೇ ಮೀಸಲಿಡಿ. ಉಪ್ಪಿನ ಗಣಿ ಇನ್ನೊಂದು ದಿನಕ್ಕಿರಲಿ.